ಬೆಂಡಿಗೆ ಹಚ್ಚಿದ ಮೇಣ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಾಬರ ಕಾರಿನ ಕಾರ್ಬುರೇಟರಿಗೆ ಹಲಸಿನ ಮೇಣ ಹಚ್ಚಿದವನು ನಾನೇ. ಹಲಸು ಬಿಡಿಸಿದ ಕೈಗೆ ಅಂಟಿದ ಮೇಣ ಸೋಪಿಗೆ ಜಗ್ಗುವುದಿಲ್ಲ, ಸೀಮೆಎಣ್ಣೆ ಸವರಿದರೆ ಹೋಗುತ್ತದೆ ಎಂಬುದು ನಮ್ಮ ಕಡೆ ಹಲ್ಲು ಬಾರದ ಕೂಸಿಗೂ ಗೊತ್ತು. ಸೀಮೆಎಣ್ಣೆಗೆ ಹೋಗುವುದು ಅದರ ಅಣ್ಣನಂತಿರುವ ಪೆಟ್ರೋಲಿಗೆ ಹೋಗದೆ ಇರುತ್ತದೆಯೇ ಎಂದು ಯೋಚಿಸುವಷ್ಟು ಹೊತ್ತು ನನ್ನ ತಲೆ ಒಂದು ಕಡೆ ನಿಂತಿರಲಿಲ್ಲ. ಸಾಲದ್ದಕ್ಕೆ ಅದನ್ನು ‘ಮಂಗಳೂರಿನ ಕೆಮಿಕಲ್’ ಎಂದು ಹೇಳಿದೆ. ಆ ಸುಳ್ಳನ್ನೂ ನನ್ನ ಸ್ವಂತ ದನಿಯಲ್ಲಿ ಹೇಳಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕೊಪ್ಪದ ಒಂದು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಹಾಗಂತ ನಾನು ಹೇಳಿಕೊಳ್ಳುತ್ತಿದ್ದೆ. ಊರಿನವರು ‘ಆ ಅಣಕದವನು’ ಎನ್ನುತ್ತಿದ್ದರು. ಯಾರ ದನಿ ಬೇಕಾದರೂ ನನ್ನ ಗಂಟಲಲ್ಲಿ ಬಂದು ಕೂರುತ್ತಿತ್ತು. ಬಸ್ ಕಂಡಕ್ಟರಂತೆ ಕೂಗಿ ಒಬ್ಬ ಅಜ್ಜನನ್ನು ಹೋಟೆಲಿನಿಂದ ಎಬ್ಬಿಸಿ ಬರಿಗಾಲಲ್ಲಿ ಓಡಿಸಿದ್ದೆ. ಲಾರಿಯ ಹಾರನ್ ಮಾಡಿ ಸೈಕಲ್ಲಿನವನನ್ನು ಚರಂಡಿಗೆ ಇಳಿಸಿದ್ದೆ. ಮನೆಯಲ್ಲಿ ಅಪ್ಪಯ್ಯನ ಕೆಮ್ಮು ಕೆಮ್ಮಿದರೆ ಅಮ್ಮ ಒಳಗಿನಿಂದ ಕಾಫಿ ತರುತ್ತಿದ್ದಳು, ನನ್ನನ್ನು ಕಂಡು ಅದೇ ಲೋಟ ಹಿಡಿದು ವಾಪಸು ಹೋಗುತ್ತಿದ್ದಳು. ಒಂದು ಕಡೆ ಕೂರುವುದು ನನಗೆ ಹುಟ್ಟಿನಿಂದ ಬರಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಇದ್ದರೆ ಬಾಯಲ್ಲಿ ಯಾರೋ ಇರುತ್ತಿದ್ದರು.

ಆ ಮಳೆಗಾಲ ನಮ್ಮ ಮೇಸ್ತ್ರಿ ಕಣ್ಣಿನ ಪೊರೆ ತೆಗೆಸಲು ಶಿವಮೊಗ್ಗಕ್ಕೆ ಹೋದರು. ವರ್ಕ್‌ಶಾಪಿನ ಬೀಗದ ಕೈ ನನ್ನ ಅಂಗೈಗೆ ಹಾಕುವಾಗ ಅವರ ಮುಖ ನೋಡಬೇಕಿತ್ತು. ಹಸುವನ್ನು ಹುಲಿಗೆ ಒಪ್ಪಿಸಿ ಹೋಗುವವರ ಹಾಗಿತ್ತು.

ಅವರು ಹೋದ ಎರಡನೇ ದಿನ ಸಾಬರು ಬಂದರು.

ಸಾಬರ ಕಾರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ರಸ್ತೆಗಳಿಗೆಲ್ಲ ಗೊತ್ತಿದ್ದ ಬಾಡಿಗೆ ಕಾರು. ಎರಡನೇ ಮಹಾಯುದ್ಧಕ್ಕಿಂತ ಮುಂಚಿನದು, ಅಮೆರಿಕದಿಂದ ಬಂದದ್ದು, ಕ್ಯಾನ್ವಾಸಿನ ಚಾವಣಿ, ಎಮ್ಮೆಯ ಕಣ್ಣಿನಂಥ ಎರಡು ದೀಪ. ಯಾವುದೋ ಎಸ್ಟೇಟಿನ ದೊರೆ ಬಿಟ್ಟುಹೋದದ್ದನ್ನು ಸಾಬರು ಪ್ರಾಯದಲ್ಲಿ ಕೊಂಡಿದ್ದರು. ಈಗ ಅವರಿಗೆ ಅರವತ್ತು. ಕಾರಿಗೆ ಎಷ್ಟು ಎಂದು ಕೇಳಿದರೆ, “ಹೆಂಗಸ್ರ ಪ್ರಾಯ ಕೇಳ್ಬಾರ್ದು ಮಾರಾಯ” ಎನ್ನುತ್ತಿದ್ದರು.

ಅದರ ರೋಗ ನನಗೂ ಗೊತ್ತಿತ್ತು. ಹಳೆಯ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಂದು ನಿಲ್ಲುವ ಒಂದು ಬಟ್ಟಲಿರುತ್ತದೆ. ಅದರೊಳಗೆ ಬೆಂಡಿನ ಒಂದು ತುಂಡು ತೇಲುತ್ತಿರುತ್ತದೆ. ಬಾಟಲಿಯ ಬಿರಡೆಗೆ ಹಾಕುತ್ತಾರಲ್ಲ, ಅದೇ ಬೆಂಡು. ಪೆಟ್ರೋಲ್ ಏರಿದಂತೆ ಬೆಂಡು ಏರಿ, ಒಂದು ಸೂಜಿಯನ್ನು ಮೇಲಕ್ಕೆ ತಳ್ಳಿ, ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ಬೆಂಡು ಪೆಟ್ರೋಲ್ ಕುಡಿದು ಭಾರವಾದರೆ ಮುಳುಗುತ್ತದೆ, ದಾರಿ ಮುಚ್ಚುವುದಿಲ್ಲ, ಪೆಟ್ರೋಲ್ ಬಟ್ಟಲು ತುಂಬಿ ಹೊರಗೆ ಚೆಲ್ಲುತ್ತದೆ. ಚೆಲ್ಲುವುದು ಎಲ್ಲಿಗೆ? ಕಾದ ಸೈಲೆನ್ಸರ್ ಪೈಪಿನ ಮೇಲೆ. ಅದಕ್ಕೇ ಬೆಂಡಿಗೆ ಅರಗಿನ ಪಾಲಿಶ್ ಹಚ್ಚುವುದು ಪದ್ಧತಿ. ಬಡಗಿಗಳು ಬೀರುವಿಗೆ ಹಚ್ಚುತ್ತಾರಲ್ಲ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಅದೇ. ನಮ್ಮ ಮೇಸ್ತ್ರಿ ಒಂದು ಸಲ ಹಚ್ಚಿಕೊಟ್ಟರೆ ನಾಲ್ಕೈದು ವರ್ಷ ಅತ್ತ ನೋಡುವಂತಿರಲಿಲ್ಲ.

ಆದರೆ ಆಗ ಬರುತ್ತಿದ್ದ ಪೆಟ್ರೋಲು ಮೊದಲಿನ ಪೆಟ್ರೋಲಲ್ಲ. ಏನೋ ಬೆರೆತಿತ್ತು, ಏನೆಂದು ನಮಗೆ ಹೇಳುವವರಿರಲಿಲ್ಲ. ಸ್ಪಿರಿಟ್ ಇರಬೇಕು ಎಂದು ಮೇಸ್ತ್ರಿಯ ಊಹೆ. ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದ್ದು ಸ್ಪಿರಿಟ್ ಸೋಕಿದರೆ ಮತ್ತೆ ಕರಗಿಹೋಗುತ್ತದೆ. ನಾಲ್ಕು ವರ್ಷ ಬರುತ್ತಿದ್ದ ಲೇಪ ನಾಲ್ಕು ದಿನವೂ ಬರದಾಯಿತು. ಬೆಂಡಿನ ಬದಲು ಹಿತ್ತಾಳೆಯ ತೇಲು ಹಾಕಿಸೋಣವೆಂದು ಸಾಬರು ಶಿವಮೊಗ್ಗ, ಮಂಗಳೂರು ಎರಡನ್ನೂ ಸುತ್ತಿದರು. ಆ ಅಳತೆಯದು ಎಲ್ಲೂ ಸಿಗಲಿಲ್ಲ.

ಹಿಂದಿನ ಕ್ಯಾಂಪಿನಲ್ಲಿ ಆ ಸೋರಿಕೆ ಬ್ರೇಕ್ ಇನ್ಸ್‌ಪೆಕ್ಟರ ಕಣ್ಣಿಗೇ ಬಿದ್ದುಬಿಟ್ಟಿತು. ಅವರು ಕೆಲವು ತಿಂಗಳಿಗೊಮ್ಮೆ ನರಸಿಂಹರಾಜಪುರಕ್ಕೆ ಬಂದು, ಪ್ರವಾಸಿ ಮಂದಿರದ ಮೈದಾನದಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿ, ಓಡಿಸಲು ಯೋಗ್ಯ ಎಂಬ ಎಫ್.ಸಿ. ಕೊಡುತ್ತಿದ್ದರು. ಬಯಲುಸೀಮೆಯವರು, ನಮ್ಮ ಮಳೆಗೆ ಸದಾ ನೆಗಡಿ. ಸಾಬರ ಕಾರಿನ ಕೆಳಗೆ ಬಗ್ಗಿ ನೋಡಿ, ಮೂಗಿನಲ್ಲೇ ಹೇಳಿದ್ದರು: “ಏನ್ರೀ ಇದು, ಕಾರೋ ನಲ್ಲಿಯೋ? ಮುಂದಿನ ಕ್ಯಾಂಪಲ್ಲಿ ಒಂದು ಹನಿ ಬಿದ್ರೂ ಎಫ್.ಸಿ. ಇಲ್ಲ. ಗೊತ್ತಾಯ್ತೇನ್ರೀ?” ಆಮೇಲೆ ಸೊರ್ ಎಂದು ಮೂಗು ಎಳೆದಿದ್ದರು. ಸಾಬರ ಜೊತೆ ಹೋಗಿದ್ದ ನಾನು ಆ ‘ಗೊತ್ತಾಯ್ತೇನ್ರೀ’ಯನ್ನೂ ಆ ಸೊರ್ ಅನ್ನೂ ಜೋಪಾನವಾಗಿ ಮನೆಗೆ ತಂದಿದ್ದೆ. ಒಂದು ವಾರ ಕೊಪ್ಪದಲ್ಲಿ ಯಾರು ಏನು ಕೇಳಿದರೂ ಇನ್ಸ್‌ಪೆಕ್ಟರೇ ಉತ್ತರ ಕೊಟ್ಟರು.

ಸಾಬರಿಗೆ ಅದು ನಗುವಿನ ವಿಷಯವಾಗಿರಲಿಲ್ಲ. ಎಫ್.ಸಿ. ಇಲ್ಲದಿದ್ದರೆ ಬಾಡಿಗೆ ಓಡಿಸುವಂತಿಲ್ಲ. ಬಾಡಿಗೆ ಇಲ್ಲದಿದ್ದರೆ ಬಾಳೆಹೊನ್ನೂರಿನ ಒಬ್ಬ ಅಡಿಕೆ ಮಂಡಿಯವರ ಲಾರಿಗೆ ಡ್ರೈವರಾಗಿ ಹೋಗಬೇಕು. ಅವರು ಕರೆಯುತ್ತಲೇ ಇದ್ದರು.

“ಲಾರಿ ಕ್ಲಚ್ ಒತ್ತಕ್ಕೆ ಈ ಮಂಡಿಗೆ ಆಗದಿಲ್ಲ ಮಾರಾಯ,” ಎಂದರು ಸಾಬರು, ಎಡಗಾಲು ಉಜ್ಜಿಕೊಳ್ಳುತ್ತ. “ಮೇಸ್ತ್ರಿ ಇಲ್ಲ. ಕ್ಯಾಂಪಿಗೆ ಇನ್ನು ಹದಿನೈದು ದಿನ ಉಂಟು. ನಿನ್ನ ಕೈಲಿ ಆಗ್ತದಾ? ಆಗ್ತದೆ ಅಂದ್ರೆ ಆಗ್ತದೆ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು.”

“ಆಗ್ತದೆ” ಎಂದೆ.

ಎರಡು ಸಲ ಅರಗು ಹಚ್ಚಿದೆ. ಎರಡು ಸಲವೂ ಕರಗಿತು. ಆಮೇಲೆ ನೆನಪಾದದ್ದೇ ನಮ್ಮ ಅಜ್ಜಿ. ಬಿರುಕು ಬಿಟ್ಟ ಕೊಡಕ್ಕೆ ಅವರು ಹಲಸಿನ ಮೇಣ ಕಾಯಿಸಿ ತುಂಬುತ್ತಿದ್ದರು. ಒಂದು ತೊಟ್ಟು ನೀರು ಸೋರುತ್ತಿರಲಿಲ್ಲ. ಹೊರಗೆ ಹಲಸಿನ ಕಾಲ, ಮೇಣಕ್ಕೇನು ಬರವೇ? ಬೆಂಡಿಗೆ ಸುತ್ತಲೂ ಬಿಸಿ ಮೇಣ ಸವರಿದೆ. ಪರೀಕ್ಷೆಯನ್ನೂ ಮಾಡಿದೆ, ಮಾಡಲಿಲ್ಲ ಅನ್ನಬೇಡಿ. ಒಂದು ಲೋಟದಲ್ಲಿ ಇಡೀ ದಿನ ತೇಲಬಿಟ್ಟೆ. ಒಂಚೂರೂ ಮುಳುಗಲಿಲ್ಲ. ಲೋಟದಲ್ಲಿದ್ದದ್ದು ನೀರು.

ಸಾಬರು ಬೆಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದರು. “ಎಂತದಾ ಇದು ಹಚ್ಚಿದ್ದು?”

ಮಂಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯವರೊಬ್ಬರು ಆಗಾಗ ಬರುತ್ತಿದ್ದರು. ತಕ್ಷಣ ಅವರೇ ನನ್ನ ಬಾಯಲ್ಲಿ ಕೂತರು: “ಕೆಮಿಕಲ್ ಮಾರಾಯ್ರೇ! ಫಸ್ಟ್ ಕ್ಲಾಸ್ ಕೆಮಿಕಲ್! ಹಡಗಿಗೆ ಹಚ್ಚುವುದು ಇದನ್ನೇ, ಮತ್ತೆ ನಿಮ್ಮ ಕಾರು ಯಾವ ಲೆಕ್ಕ?”

ಸಾಬರು ನಕ್ಕರು. ನಕ್ಕವರು ನಂಬಿದರು. ಅದೇ ನನ್ನ ಕಸುಬಿನ ಕೆಟ್ಟ ಗುಣ.

ಮರುದಿನ ಬೆಳಿಗ್ಗೆ ಬಾಳೆಹೊನ್ನೂರಿನ ಕಾಫಿ ವ್ಯಾಪಾರಿ ದಂಪತಿಗೆ ಮೆಣಸೆಯಲ್ಲಿ ಮಗಳ ಸಂಬಂಧದ ಮಾತುಕತೆ ಇತ್ತು. ಹತ್ತು ಗಂಟೆಯೊಳಗೆ ಅಲ್ಲಿರಬೇಕು. ಕೊಪ್ಪದವರೆಗೆ ಬಸ್ಸಿನಲ್ಲಿ ಬಂದು ಸಾಬರ ಕಾರು ಹಿಡಿದರು. ಯಜಮಾನರ ಹಣೆಯಲ್ಲಿ ಆಗಷ್ಟೇ ಹಚ್ಚಿದ ವಿಭೂತಿ, ಅಮ್ಮನವರ ಮೈಮೇಲೆ ಪೆಟ್ಟಿಗೆಯ ಮಡಿಕೆ ಬಿಚ್ಚದ ರೇಷ್ಮೆ ಸೀರೆ. ನನ್ನ ಕೆಲಸ ನಾನೇ ನೋಡಬೇಕೆಂದು ಮುಂದಿನ ಸೀಟಿನಲ್ಲಿ ನಾನೂ ಕೂತೆ. ಹರಿಹರಪುರ ದಾಟುವವರೆಗೂ ಯಜಮಾನರಿಗೆ ಇನ್ಸ್‌ಪೆಕ್ಟರನ್ನೂ, ಮೇಸ್ತ್ರಿಯನ್ನೂ, ಇದೇ ಕಾರಿನ ಎರಡನೇ ಗೇರನ್ನೂ ಮಾಡಿ ತೋರಿಸಿದೆ. ಅಮ್ಮನವರು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮೆಣಸೆಯ ಹತ್ತಿರದ ಏರಿನಲ್ಲಿ ಕಾರು ಸೀನಿತು. ನಾನು ಮಾಡಿದ ಸದ್ದಲ್ಲ, ಕಾರಿನದೇ. ಮತ್ತೊಮ್ಮೆ ಸೀನಿ ನಿಂತಿತು. ಪೆಟ್ರೋಲಿನ ವಾಸನೆ ಗಪ್ಪನೆ ಬಡಿಯಿತು.

ಸಾಬರು ಬಾನೆಟ್ ಎತ್ತಿದವರೇ ಕೈ ಹಾಕಿ ಪೆಟ್ರೋಲಿನ ನಲ್ಲಿ ತಿರುಗಿಸಿ ಮುಚ್ಚಿದರು. “ಇಳೀರಿ! ಅಮ್ಮಾ, ಇಳೀರಿ! ದೂರ ಹೋಗಿ. ಯಾರೂ ಬೀಡಿ ಗೀಡಿ ಹಚ್ಬೇಡಿ!” ಆ ದನಿಯನ್ನು ನಾನು ಯಾವತ್ತೂ ಮಾಡಿ ತೋರಿಸಿಲ್ಲ. ಬಟ್ಟಲಿನಿಂದ ಆಗಲೇ ಚೆಲ್ಲಿದ್ದ ಪೆಟ್ರೋಲ್ ಇಳಿದು, ಪೈಪಿನ ಮೇಲೆ ಬಿದ್ದಲ್ಲೆಲ್ಲ ಚುಂಯ್ ಎನ್ನುತ್ತ ಆವಿಯಾಗುತ್ತಿತ್ತು. ನಾವು ನಾಲ್ವರೂ ರಸ್ತೆಯಾಚೆ ಗಿಡಗಂಟಿಯ ಹಳುವಿನ ಅಂಚಿನಲ್ಲಿ ನಿಂತೆವು. ಬೆಂಕಿ ಹತ್ತಲಿಲ್ಲ. ಹತ್ತದೆ ಇದ್ದದ್ದು ನನ್ನ ಪುಣ್ಯದಿಂದಲ್ಲ.

ಪೈಪು ತಣ್ಣಗಾದ ಮೇಲೆ ಸಾಬರು ಬಟ್ಟಲು ಬಿಚ್ಚಿದರು. ಬೆಂಡು ತಳದಲ್ಲಿ ಕೂತಿತ್ತು. ಸೂಜಿಗೆ ಬೆಳ್ಳಗೆ ನೂಲುನೂಲಾಗಿ ಏನೋ ಸುತ್ತಿಕೊಂಡಿತ್ತು. ಬಗ್ಗಿ ನೋಡುತ್ತಿದ್ದ ಅಮ್ಮನವರು ಎರಡು ಬೆರಳಿಂದ ಅದನ್ನು ಮುಟ್ಟಿದರು, ಎಳೆದರು, ಮತ್ತೆ ಎಳೆದರು.

“ಇದು ಹಲಸಿನ ಮೇಣ ಅಲ್ಲೇನ್ರೀ? ಕಾರಿನೊಳಗೆ ಹಣ್ಣು ಬಿಡಿಸಿದೋರು ಯಾರು? ಅಯ್ಯೋ, ಸೀರೆಗೆ ತಾಗೀತು, ಸ್ವಲ್ಪ ಎಣ್ಣೆ ಕೊಡಿ.”

ಸಾಬರು ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಕಲಿತುಬಿಡುತ್ತಿದ್ದೆನೇನೋ. ನನ್ನ ಕಡೆ ತಿರುಗಿ, “ಈಗ ನಿನ್ನ ದನೀಲಿ ಹೇಳು. ಎಂತ ಹಚ್ಚಿದ್ದು?” ಎಂದರು.

ಬಾಯಿ ತೆಗೆದೆ. ನನ್ನ ದನಿ ಯಾವುದೆಂದು ಹುಡುಕಬೇಕಾಯಿತು. ಸಿಕ್ಕಿದ್ದು ಎಣ್ಣೆ ಕಾಣದ ಬಾಗಿಲಿನಂಥ ಒಂದು ಸಣ್ಣ ಕೀರಲು. “ಮೇಣ.”

ಆ ದಂಪತಿ ಮೆಣಸೆಗೆ ನಡೆದೇ ಹೋದರು. ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು ಕೆಸರಿನಲ್ಲಿ ಹೆಜ್ಜೆ ಹಾಕುತ್ತಿದ್ದ ಅಮ್ಮನವರ ಬೆನ್ನು ಈಗಲೂ ಕಣ್ಣ ಮುಂದಿದೆ.

ಕಾರನ್ನು ಲಾರಿಯೊಂದಕ್ಕೆ ಕಟ್ಟಿ ಕೊಪ್ಪಕ್ಕೆ ಎಳೆಸಿ ತಂದಾಗ ಕ್ಯಾಂಪಿಗೆ ಎಂಟು ದಿನ ಉಳಿದಿತ್ತು. ಸಾಬರು ಎರಡು ಕರಾರು ಹಾಕಿದರು. “ಕೆಲಸ ನಾನು ಹೇಳಿದ ಹಾಗೆ ಮಾಡು. ಎಫ್.ಸಿ. ಆಗೋ ತನಕ ಯಾರ ದನೀನೂ ಮಾಡಬಾರ್ದು. ನಂದೂ ಇಲ್ಲ, ಇನ್ಸ್‌ಪೆಕ್ಟರದ್ದೂ ಇಲ್ಲ, ನಾಯಿದೂ ಇಲ್ಲ. ಎಂತ ಹೇಳೋದಿದ್ರೂ ನಿನ್ನ ಬಾಯಲ್ಲೇ ಹೇಳು. ನಂಗೆ ಯಾವ್ದು ನಿಜ ಯಾವ್ದು ಆಟ ಅಂತ ಗೊತ್ತಾಗ್ಬೇಕು.”

ಎಂಟು ದಿನ! ಊಟ ಬಿಡು ಎಂದಿದ್ದರೆ ಬಿಡುತ್ತಿದ್ದೆ.

ದಾರಿ ಹೇಳಿದ್ದು ಸಾಬರ ಹೆಂಡತಿ. ಅವರ ಸೀಮೆಎಣ್ಣೆ ಸ್ಟವ್ವಿನ ತಳ ಸೋರುತ್ತಿದ್ದಾಗ, ಎರಡು ಟ್ಯೂಬಿನಲ್ಲಿ ಬರುವ ಅಂಟನ್ನು ಸಮಸಮ ಕಲಸಿ ಹಚ್ಚಿದ್ದರಂತೆ. ಎರಡು ವರ್ಷವಾಗಿತ್ತು, ಇನ್ನೂ ಸೋರಿರಲಿಲ್ಲ. “ಎಣ್ಣೇಲಿ ನಿಂತದ್ದು ಪೆಟ್ರೋಲಲ್ಲೂ ನಿಲ್ತದೆ!” ಎಂದು ನಾನು ಹಾರಿದೆ.

“ನೀನು ಹೇಳ್ಬೇಡ,” ಎಂದರು ಸಾಬರು. “ಬಾಟ್ಲಿ ಹೇಳ್ಲಿ.”

ಬಂಕಿನಿಂದ ಆಗಷ್ಟೇ ತಂದ ಪೆಟ್ರೋಲನ್ನು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಹಾಕಿದರು. ಔಷಧಿ ಸೀಸೆಯ ಬಿರಡೆಯೊಂದಕ್ಕೆ ಆ ಅಂಟು ಹಚ್ಚಿ, ಒಂದು ದಿನ ಗಟ್ಟಿಯಾಗಲು ಬಿಟ್ಟು, ಅದರೊಳಗೆ ತೇಲಬಿಟ್ಟರು. ಅವರ ಮನೆಯ ಜಗಲಿಯ ಮೂಲೆಯಲ್ಲಿ ಇಟ್ಟು, ನಾಲ್ಕು ದಿನ ಮುಟ್ಟಬೇಡ ಎಂದರು. ಮುಟ್ಟಲಿಲ್ಲ. ಆದರೆ ಅರ್ಧ ಗಂಟೆಗೊಮ್ಮೆ ವರ್ಕ್‌ಶಾಪಿನಿಂದ ಎದ್ದು ಬಂದು ನೋಡಿದೆ. ಕೂತು ನೋಡಿದೆ, ನಿಂತು ನೋಡಿದೆ, ಬಾಟಲಿಯ ಸುತ್ತ ತಿರುಗಿ ನೋಡಿದೆ. ಸಾಬರ ಮನೆಯವರು ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು ಹೇಳಿದರು: “ಹಂಗೆ ನೋಡ್ತಾ ಇದ್ರೆ ಅದೆಂತ ಮರಿ ಹಾಕ್ತದಾ?”

ಅದನ್ನು ಅವರ ದನಿಯಲ್ಲೇ ತಿರುಗಿ ಹೇಳುವ ಆಸೆ ನಾಲಿಗೆಯ ತುದಿಗೆ ಬಂದು ಕುಣಿಯಿತು. ನುಂಗಿದೆ.

ಇತ್ತ ಕಾರಿನ ಬೆಂಡಿನ ಕೆಲಸ. ಮೇಣವನ್ನೆಲ್ಲ ಸೀಮೆಎಣ್ಣೆಯಲ್ಲಿ ತಿಕ್ಕಿ ತೆಗೆದೆ. ಎಷ್ಟು ಸುಲಭವಾಗಿ ಹೋಯಿತೆಂದು ಹೇಳುವುದಿಲ್ಲ, ನಾಚಿಕೆ. ಆದರೆ ಬೆಂಡು ಕುಡಿದ ಪೆಟ್ರೋಲ್ ಆ ಮಳೆಯಲ್ಲಿ ಆರುವುದು ಹೇಗೆ? ಒಲೆಯ ಹತ್ತಿರ ತರುವಂತಿಲ್ಲ. ಮೂರು ದಿನ ಗಾಳಿಗೆ ನೇತುಹಾಕಿ, ಕೊನೆಗೆ ಬೇಕರಿಯವರ ಕಾಲು ಹಿಡಿದು, ಬೆಂಕಿಯೆಲ್ಲ ತೆಗೆದು ತಣಿಯುತ್ತಿದ್ದ ಗೂಡಿನಲ್ಲಿ ಒಂದು ಮಧ್ಯಾಹ್ನ ಇಟ್ಟೆ. ಬೆಂಡು ಒಣಗಿ ಗರಿಯಂತಾಯಿತು. ಮರುದಿನ ಕೊಪ್ಪದಲ್ಲಿ ಬನ್ ತಿಂದವರೆಲ್ಲ ಒಮ್ಮೆ ಬನ್ನನ್ನೂ ಒಮ್ಮೆ ಬೇಕರಿಯವರನ್ನೂ ನೋಡಿದರು. ಬೇಕರಿಯವರು ನನ್ನನ್ನು ನೋಡಿದರು. ನಾನು ಆ ಬೀದಿಯಲ್ಲಿ ಓಡಾಡುವುದನ್ನು ಕೆಲವು ದಿನ ಬಿಟ್ಟೆ.

ಐದನೇ ದಿನ ಬಾಟಲಿ ತೆಗೆದೆವು. ಬಿರಡೆ ಇಟ್ಟಲ್ಲೇ ತೇಲುತ್ತಿತ್ತು. ಸಾಬರು ಉಗುರಿನಿಂದ ಕೆರೆದರು, ಏಳಲಿಲ್ಲ. ಸುಮ್ಮನೆ ತಲೆಯಾಡಿಸಿದರು. ನಾನು ತಕ್ಷಣ ಅಂಟು ಕಲಸಿ, ಹೆಚ್ಚಾದರೆ ಒಳ್ಳೆಯದೇ ಎಂದು ಕಾರಿನ ಬೆಂಡಿಗೆ ದೋಸೆ ಹಿಟ್ಟಿನ ಹಾಗೆ ಬಳಿದುಬಿಟ್ಟೆ. ಬರಿ ಬೆಂಡು ಪೆಟ್ರೋಲಿನಲ್ಲಿ ಎಷ್ಟು ಮುಳುಗುತ್ತದೆ ಎಂದು ಸಾಬರು ಮೊದಲೇ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದರು. ಈಗ ತೇಲಬಿಟ್ಟರೆ ಗೆರೆಗಿಂತ ಅರ್ಧ ಬೆರಳು ಕೆಳಗೆ ಇಳಿಯಿತು.

“ಇದು ಚಿಲಕ ಹಾಕೋ ಹೊತ್ತಿಗೆ ಪೆಟ್ರೋಲ್ ಹೊಸಿಲು ದಾಟಿರ್ತದೆ,” ಎಂದರು. “ಅಂಗಿ ಹಾಕು ಅಂದ್ರೆ ಹಾಸಿಗೆ ಸುತ್ತಿದ್ಯಲ್ಲಾ.”

ಅಂಟು ಪೂರ್ತಿ ಕಲ್ಲಾಗುವ ಮೊದಲೇ ಒಡೆದ ಗಾಜಿನ ಚೂರಿನಿಂದ ಅದನ್ನು ಕೆರೆದೆ. ಬೆಂಡು ಮುಕ್ಕಾಗದಂತೆ ಕೆರೆಯಬೇಕು. ಒಂದು ಮುಕ್ಕಾದರೆ ಕಥೆ ಮುಗಿಯಿತು, ಬೇರೆ ಬೆಂಡಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿ, ಕಾಲು ಅಲ್ಲಾಡಿಸದೆ ಕೂತದ್ದು ಅದೇ ಮೊದಲು. ಕುತ್ತಿಗೆ ಹಿಡಿದುಕೊಂಡಿತು. ಈ ಸಲ ಸಾಬರೇ ಉಂಗುರದ ಬೆರಳಿನಿಂದ, ಮಗುವಿನ ಹಣೆಗೆ ಎಣ್ಣೆ ಒತ್ತುವಂತೆ, ತೆಳ್ಳಗೆ ಹಚ್ಚಿದರು. ಗಟ್ಟಿಯಾದ ಮೇಲೆ ತೇಲಬಿಟ್ಟರೆ ಗೆರೆಗೆ ಸರಿಯಾಗಿ ನಿಂತಿತು.

ಎಂಟನೇ ದಿನ ನರಸಿಂಹರಾಜಪುರಕ್ಕೆ ಹೊರಟೆವು. ದಾರಿಯಲ್ಲಿ ಸಾಬರು ಆರು ಸಲ ಕಾರು ನಿಲ್ಲಿಸಿ ಬಾನೆಟ್ ಎತ್ತಿದರು. ನಾನು ಏಳು ಸಲ ನಿಲ್ಲಿಸಲು ಹೇಳಿದ್ದೆ.

ಮೈದಾನದಲ್ಲಿ ಲಾರಿ, ವ್ಯಾನು, ಜೀಪುಗಳ ಸಾಲು. ನಮ್ಮ ಸರದಿ ಬರುವ ಹೊತ್ತಿಗೆ ನಾನು ಆ ಸಾಲನ್ನು ಹತ್ತು ಸಲ ಅಳೆದಿದ್ದೆ. ಇನ್ಸ್‌ಪೆಕ್ಟರು ಬಂದರು. ಕೊರಳಿಗೆ ಮಫ್ಲರು, ನೆಗಡಿ ಹಾಗೇ ಇತ್ತು. ಬ್ರೇಕು, ಸ್ಟೀರಿಂಗು, ದೀಪ, ಎಲ್ಲ ನೋಡಿದರು. ಆಮೇಲೆ ಇಂಜಿನ್ ಚಾಲೂ ಮಾಡಿಸಿ, ಒಂದು ಬಿಳಿ ಹಾಳೆಯನ್ನು ಕಾರ್ಬುರೇಟರಿನ ಕೆಳಗೆ ಹಿಡಿದು, ಕೈಗಡಿಯಾರ ನೋಡುತ್ತ ನಿಂತರು.

ಸಾಬರು ಹಾಳೆಯನ್ನು ನೋಡಲಿಲ್ಲ. ಸ್ಟೀರಿಂಗಿನ ಹಿಂದೆ ಕೂತು ಎಡಮಂಡಿಯ ಮೇಲೆ ಕೈ ಇಟ್ಟುಕೊಂಡಿದ್ದರು. ನಾನು ಹಾಳೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಇಂಜಿನ್ ನಡುಗಿದಂತೆ ಹಾಳೆ ನಡುಗಿತು. ಅದರ ಮೇಲೆ ಒಂದು ಹನಿಯೂ ಬೀಳಲಿಲ್ಲ. ಹಾಳೆ ಬೆಳ್ಳಗೇ ಹೊರಗೆ ಬಂತು.

ಇನ್ಸ್‌ಪೆಕ್ಟರು ಹಾಳೆಯನ್ನು ಮೂಸಿದರು. ನೆಗಡಿಯಲ್ಲಿ ಏನು ಗೊತ್ತಾಯಿತೋ. ನನ್ನ ಕಡೆ ತಿರುಗಿದರು. “ಹೋದ ಸಲ ನಲ್ಲಿ ಥರ ಸುರೀತಿತ್ತು. ಏನಯ್ಯಾ ಮಾಡಿದೆ?”

ನಿಜ ಹೇಳಬೇಕು, ನಿಜವನ್ನೇ ಹೇಳಬೇಕು ಎಂದು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡಿದ್ದೆ. ಹೇಳಿದ್ದೂ ನಿಜವನ್ನೇ. ಆದರೆ ಎಂಟು ದಿನದಿಂದ ಒಳಗೆ ಕೂಡಿಹಾಕಿದ್ದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು, ಅವರಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಇವರೇ.

“ಮೊದಲು ಅರಗು ಹಚ್ಚಿದ್ವಿ ಸಾರ್, ಈಗಿನ ಪೆಟ್ರೋಲಿಗೆ ಕರಗಿಹೋಯ್ತು. ಆಮೇಲೆ ನಾನು ಹಲಸಿನ ಮೇಣ ಹಚ್ಚಿ ಕೆಡಿಸಿದೆ. ಈಗ ಎರಡು ಟ್ಯೂಬಿನ ಅಂಟು, ತೆಳ್ಳಗೆ, ಒಂದೇ ಕೈ. ಗೊತ್ತಾಯ್ತೇನ್ರೀ?”

ಸೊರ್ ಎಂದು ಮೂಗನ್ನೂ ಎಳೆದುಬಿಟ್ಟೆ.

ಹಿಂದಿನ ಲಾರಿಯ ಕ್ಲೀನರ್ ಕಿಸಕ್ಕನೆ ನಕ್ಕು, ಕೂಡಲೇ ಬಾಯಿಗೆ ಟವೆಲ್ ಒತ್ತಿಕೊಂಡ. ಸಾಬರು ಸ್ಟೀರಿಂಗಿನ ಮೇಲೆ ಹಣೆ ಇಟ್ಟರು. ಇನ್ಸ್‌ಪೆಕ್ಟರ ಕೈಯಲ್ಲಿ ಪೆನ್ನು ತೆರೆದಿತ್ತು, ಫಾರಂ ಖಾಲಿ ಇತ್ತು. ಅವರು ನನ್ನನ್ನೇ ನೋಡಿದರು. ಮೂಗು ಎಳೆಯಲು ಹೊರಟವರು ಅರ್ಧಕ್ಕೆ ತಡೆದು, ಜೇಬಿನಿಂದ ಕರವಸ್ತ್ರ ತೆಗೆದು ನಿಧಾನವಾಗಿ ಒರೆಸಿಕೊಂಡರು. ನನ್ನ ಕಾಲು ಓಡಲು ಸಿದ್ಧವಾಗಿತ್ತು, ಆದರೆ ಅಲ್ಲಿಂದ ಕದಲಲಿಲ್ಲ. ಸಾಬರ ಕಾರು, ಬಾಳೆಹೊನ್ನೂರಿನ ಲಾರಿ, ಸಾಬರ ಎಡಮಂಡಿ, ಎಲ್ಲ ಆ ಪೆನ್ನಿನ ತುದಿಯಲ್ಲಿ ನಿಂತಿತ್ತು.

ಇನ್ಸ್‌ಪೆಕ್ಟರು ಫಾರಮ್ಮನ್ನು ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದರು. ಅದನ್ನು ಕಿಟಕಿಯಿಂದ ಸಾಬರ ಕೈಗೆ ಕೊಟ್ಟು, ನನ್ನ ಕಡೆ ಪೆನ್ನು ತೋರಿಸಿ ಹೇಳಿದರು:

“ಸಾಬ್ರೇ, ಗಾಡೀನ ರೋಡಿಗೆ ಬಿಡಬಹುದು. ಇವನನ್ನ ಮಾತ್ರ ಬಿಡಬೇಡಿ.”